ಬಲಗಡೆಯ ಗುಳಿಗೆ

ಹಾಸ್ಟೆಲ್, ಮೂರನೇ ಮಹಡಿ
ಮಂಗಳವಾರ, ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತಾ? ಕ್ರೇನಿನ ಏಣಿಯನ್ನು ದಿನಕ್ಕೆ ಒಂದೇ ಸಲ ಹತ್ತಿ ಇಳಿಯಿರಿ ಎಂದು ಬರೆದಿದ್ದೆ. ನೀವು ಅದನ್ನು ಪಾಲಿಸಿದ್ದೀರಿ ಎಂದು ನಂಬುವಷ್ಟು ದಡ್ಡಿಯಲ್ಲ ನಾನು. ನಾನು ಕೊಟ್ಟ ಮುಲಾಮು ಮಂಡಿಗೆ ಹೋಗುತ್ತಿದೆಯೋ ಕ್ರೇನಿನ ಹಲ್ಲುಚಕ್ರಕ್ಕೆ ಹೋಗುತ್ತಿದೆಯೋ, ಅದನ್ನಾದರೂ ನಿಜ ಬರೆಯಿರಿ. ಸೇತುವೆ ಎಲ್ಲಿಗೆ ಬಂತು? ಆರನೇ ಕಂಬದ ಮೇಲೆ ತೊಲೆ ಕೂರಿಸುವುದಿದೆ ಎಂದಿದ್ದಿರಿ. ಗಾಳಿ ಜೋರಾಗಿರುವ ದಿನ ಮೇಸ್ತ್ರಿ ಏನೇ ಹೇಳಲಿ, ಮೇಲೆ ಹತ್ತಬೇಡಿ. ಅಮ್ಮ ಚೆನ್ನಾಗಿದ್ದಾಳೆ. ಭಾನುವಾರ ಫೋನಿನಲ್ಲಿ ನಲವತ್ತು ನಿಮಿಷ ಮಾತಾಡಿದಳು, ಅದರಲ್ಲಿ ಮೂವತ್ತೆಂಟು ನಿಮಿಷ ನೀರಿನ ಪಂಪಿನ ಪುರಾಣ. ನೀವು ಫೋನಿನಲ್ಲಿ ಆಡುವುದೇ ಮೂರು ಮಾತು: ‘ಊಟ ಆಯ್ತಾ, ಹುಷಾರು, ಇಡ್ತೀನಿ.’ ಅದಕ್ಕೇ ನಿಮಗೆ ಕಾಗದವೇ ಸರಿ. ಕಾಗದವನ್ನು ಅರ್ಧದಲ್ಲಿ ಇಟ್ಟುಬಿಡಲು ನಿಮ್ಮಿಂದ ಆಗುವುದಿಲ್ಲ, ನನಗೆ ಗೊತ್ತು.

ಮೊದಲು ಹೇಳಬೇಕಾದದ್ದು ಹೇಳಿಬಿಡುತ್ತೇನೆ. ಹತ್ತು ದಿನದ ಹಿಂದೆ ನಾನು ಬರೆದ ಕಾಗದ ಸಿಕ್ಕಿರಬೇಕು. ‘ಈ ತಿಂಗಳ ಕೊನೆಗೆ ಓದು ಬಿಟ್ಟು ಬರುತ್ತೇನೆ, ಇನ್ನಾದರೂ ನಿಮಗೆ ಸಮಾಧಾನ ಆಗಲಿ’ ಎಂದು ಬರೆದಿದ್ದೆನಲ್ಲ, ಅದನ್ನು ಹರಿದು ಬಿಸಾಡಿ. ಕೆಟ್ಟ ಕೋಪದಲ್ಲಿ ಬರೆದದ್ದು. ಆದರೆ ಅಪ್ಪಾ, ಕೋಪ ಬರೀ ಓದಿನ ಮೇಲಿನದಲ್ಲ, ನಿಮ್ಮ ಮೇಲೂ ಇತ್ತು. ನಾಲ್ಕು ವರ್ಷದಿಂದ ನನ್ನ ಓದಿನ ಬಗ್ಗೆ ನೀವು ಒಂದು ಮಾತು ಕೇಳಿಲ್ಲ. ಆಸ್ಪತ್ರೆಯ ಒಳ್ಳೆಯ ಕೆಲಸ ಬಿಟ್ಟು ಸಂಶೋಧನೆಗೆ ಸೇರುತ್ತೇನೆ, ನೀವು ಹೂಂ ಅಂದರೆ ಮಾತ್ರ ಸೇರುತ್ತೇನೆ ಎಂದು ಆ ಸಲ ನಿಮ್ಮನ್ನು ಕಳಿಸಲು ಬಂದಾಗ ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಅರ್ಧ ಗಂಟೆ ಹೇಳಿದೆ. ಹೇಳುತ್ತಾ ಹೇಳುತ್ತಾ ಅತ್ತೂ ಬಿಟ್ಟೆ. ನೀವು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. ಇಳಿಯುವಾಗ ‘ಚೀಲ ಕೊಡು’ ಅಂದಿರಿ. ಅಷ್ಟೇ. ಬೇಡ ಅನ್ನಲಿಲ್ಲವಲ್ಲ ಎಂದು ಸೇರಿದೆ. ಆರು ತಿಂಗಳಾದ ಮೇಲೆ ಅಮ್ಮನ ಹತ್ತಿರ ‘ಅವಳೇನು ನನ್ನನ್ನ ಒಂದು ಮಾತು ಕೇಳಿ ಸೇರಿದ್ಳಾ?’ ಅಂದಿರಂತೆ. ಅದನ್ನು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಅಪ್ಪ ಸುಳ್ಳು ಹೇಳುವವರಲ್ಲ ಎಂದುಕೊಂಡಿದ್ದೆ, ಅದೂ ಹೋಯಿತು. ಆವತ್ತಿನಿಂದ ಈ ಓದು ನನಗೆ ಓದಾಗಿ ಉಳಿಯಲಿಲ್ಲ, ನಿಮಗೆ ಮಾಡಿ ತೋರಿಸಬೇಕಾದ ಹಟವಾಯಿತು. ಹಟದಲ್ಲಿ ಮಾಡಿದ ಕೆಲಸ ಕೈಕೊಟ್ಟಾಗ ಎರಡು ಪಟ್ಟು ನೋವಾಗುತ್ತದೆ.

ನಾನು ಮಾಡುವುದೇನು ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಒಂದು ಕಿವಿ ಮಾತ್ರ ಕೇಳಿಸದೆ ಹೋದವರ ಮಿದುಳಿನಲ್ಲಿ ಏನು ಬದಲಾಗುತ್ತದೆ ಎಂದು ನೋಡುವುದು ನನ್ನ ಕೆಲಸ. ಎಡಗಿವಿಗೆ ಬಿದ್ದ ಸದ್ದು ಹೆಚ್ಚಾಗಿ ಹೋಗುವುದು ಮಿದುಳಿನ ಬಲಭಾಗಕ್ಕೆ, ಬಲಗಿವಿಯದು ಎಡಭಾಗಕ್ಕೆ. ಎಡಗಿವಿ ಬಹಳ ವರ್ಷ ಸುಮ್ಮನಿದ್ದರೆ ಬಲಭಾಗದಲ್ಲಿ ಸದ್ದನ್ನು ಗ್ರಹಿಸುವ ಆ ತುಂಡು ಕೆಲಸವಿಲ್ಲದೆ ಸ್ವಲ್ಪ ತೆಳ್ಳಗಾಗಿರಬೇಕು ಎಂಬುದು ನಮ್ಮ ಊಹೆ. ತೆಳ್ಳಗೆ ಎಂದರೆ ಕೂದಲೆಳೆಯಷ್ಟು, ಕಣ್ಣಿಗೆ ಕಾಣುವುದಿಲ್ಲ. ಜನರನ್ನು ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿ ತಲೆಯ ಚಿತ್ರ ತೆಗೆದು, ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ಅಳೆಯಬೇಕು. ಹಾಗೆ ಅರವತ್ತೆರಡು ರೋಗಿಗಳು, ಹೋಲಿಸಿ ನೋಡಲು ಎರಡೂ ಕಿವಿ ಚೆನ್ನಾಗಿರುವ ಇಪ್ಪತ್ತು ಜನ. ಆ ಇಪ್ಪತ್ತರಲ್ಲಿ ನೀವೂ ಒಬ್ಬರು. ಹೋದ ವರ್ಷ ರಜೆಗೆ ಬಂದಾಗ ವಯಸ್ಸಾದ ಗಂಡಸರು ಸಿಗುತ್ತಿಲ್ಲ ಎಂದು ನಿಮ್ಮನ್ನು ಎಳೆದುಕೊಂಡು ಹೋಗಿದ್ದೆ. ಏನು ಎತ್ತ ಎಂದು ಕೇಳದೆ ಒಳಗೆ ಮಲಗಿ, ಅಷ್ಟು ಗದ್ದಲದ ಯಂತ್ರದಲ್ಲಿ ಗೊರಕೆ ಹೊಡೆದ ಮೊದಲ ಮನುಷ್ಯ ನೀವೇ ಅಂತೆ.

ಇನ್ನು ಅಳೆಯುವ ಆ ಸಾಫ್ಟ್‌ವೇರ್. ಅದಕ್ಕೆ ನಮ್ಮ ಲ್ಯಾಬಿನಲ್ಲಿ ಇಟ್ಟಿರುವ ಹೆಸರು ದೊಡ್ಡಪ್ಪ. ನಿಮ್ಮ ಅಣ್ಣನಿಗೆ ದಯವಿಟ್ಟು ಹೇಳಬೇಡಿ, ಆದರೆ ಗುಣ ಮಾತ್ರ ಪಡಿಯಚ್ಚು. ಅವನನ್ನು ಸರಿಯಾದ ಹೆಸರು ಹಿಡಿದು, ಸರಿಯಾದ ಹೊತ್ತಿಗೆ, ಸರಿಯಾದ ಬಾಗಿಲಿನಿಂದ ಕರೆಯಬೇಕು. ಎಳ್ಳಷ್ಟು ಲೋಪವಾದರೂ ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಾನೆ. ಏನು ತಪ್ಪಾಯಿತು ಎಂದರೆ ಬಾಯಿ ಬಿಡುವುದಿಲ್ಲ, ಅವರವರೇ ಅರ್ಥ ಮಾಡಿಕೊಳ್ಳಬೇಕು. ಫೈಲಿನ ಹೆಸರಿನಲ್ಲಿ ಎರಡು ಪದಗಳ ನಡುವೆ ಜಾಗ ಬಿಟ್ಟಿದ್ದೆ, ಅದಕ್ಕೆ ಒಂದು ವಾರ ಮುನಿಸು. ಒಂದು ಫೋಲ್ಡರಿಗೆ ಕನ್ನಡದಲ್ಲಿ ‘ಹೊಸದು’ ಎಂದು ಹೆಸರಿಟ್ಟಿದ್ದೆ, ಅದಕ್ಕೆ ಮೂರು ವಾರ. ಕೆಂಪು ಅಕ್ಷರದಲ್ಲಿ ‘ದೋಷವಿದೆ, ಮುಂದುವರಿಯಲು ಸರಿ ಒತ್ತಿ’ ಎನ್ನುತ್ತದೆ. ಸರಿ ಒತ್ತಿದರೆ ಮುಂದುವರಿಯುವುದಿಲ್ಲ, ಅಂಗಡಿ ಮುಚ್ಚಿಕೊಂಡು ಹೋಗುತ್ತದೆ. ನಿಮ್ಮ ಕ್ರೇನಿನಲ್ಲಿ ಮೂರು ಹಿಡಿಗಳು, ಎತ್ತು, ತಿರುಗಿಸು, ಇಳಿಸು. ಇವನಿಗೆ ನೂರಾ ನಲವತ್ತು ಗುಂಡಿಗಳು. ಹನ್ನೊಂದು ಏನು ಮಾಡುತ್ತವೆಂದು ನನಗೆ ಗೊತ್ತು. ಉಳಿದವು ಏನು ಮಾಡುತ್ತವೆಂದು ಮಾಡಿದವನಿಗಾದರೂ ಗೊತ್ತೋ ಇಲ್ಲವೋ. ಒಂಬೈನೂರು ಪುಟದ ಕೈಪಿಡಿ ಕೊಟ್ಟಿದ್ದಾರೆ, ನನಗೆ ಬೇಕಾದ ಪುಟದಲ್ಲಿ ‘ಈ ಭಾಗವನ್ನು ಮುಂದೆ ಬರೆಯಲಾಗುವುದು’ ಎಂದಿದೆ. ಮಾಡಿದವರಿಗೇ ಬರೆದು ಕೇಳಿದೆ. ‘ಈ ಪ್ರಶ್ನೆಗೆ ಹಿಂದೆಯೇ ಉತ್ತರಿಸಲಾಗಿದೆ’ ಎಂದು ಬಂತು. ಎಲ್ಲಿ, ಯಾವಾಗ, ಯಾರಿಗೆ? ದೇವರಿಗೇ ಗೊತ್ತು.

ಒಬ್ಬ ರೋಗಿಯ ತಲೆ ಅಳೆಯಲು ಅವನಿಗೆ ಹನ್ನೊಂದು ಗಂಟೆ ಬೇಕು. ಹತ್ತೂವರೆ ಗಂಟೆ ಆದ ಮೇಲೆ ‘ಹೊಸ ಆವೃತ್ತಿ ಬಂದಿದೆ’ ಎಂದು ಕಂಪ್ಯೂಟರ್ ತಾನಾಗಿ ಮುಚ್ಚಿ ತೆರೆದುಕೊಳ್ಳುತ್ತದೆ. ಎಲ್ಲ ಮೊದಲಿನಿಂದ. ಹೊಸ ಆವೃತ್ತಿಯಲ್ಲಿ ಅಳೆದದ್ದಕ್ಕೂ ಹಳೆಯದರಲ್ಲಿ ಅಳೆದದ್ದಕ್ಕೂ ತಾಳೆಯಾಗುವುದಿಲ್ಲ, ಮತ್ತೆ ಎಲ್ಲ ಮೊದಲಿನಿಂದ. ಪಕ್ಕದ ಮೇಜಿನವಳು ಅಂಕಿ ಅಂಶ ನೋಡಿಕೊಳ್ಳುವ ಹುಡುಗಿ, ಯಾವಾಗಲೂ ನಗುಮುಖ. ಒಂದು ದಿನ ಅವಳೂ ಕೀಬೋರ್ಡ್ ಎತ್ತಿ ಮೇಜಿನ ಮೇಲೆ ಕುಕ್ಕಿ ಹೊರಗೆ ಹೋದಳು, ಅಷ್ಟು. ನಾನು ವೈದ್ಯಕೀಯ ಓದುವಾಗ ಹೆಣ ಕೊಯ್ದಿದ್ದೇನೆ, ಒಂದೇ ದಿನ ಒಂಬತ್ತು ಹೆರಿಗೆ ಮಾಡಿಸಿದ್ದೇನೆ. ಆವಾಗೆಲ್ಲ ಬಾರದ ಕಣ್ಣೀರು ಒಂದು ಗುಂಡಿ ಬೂದು ಬಣ್ಣಕ್ಕೆ ತಿರುಗಿ ಒತ್ತಲು ಬಾರದೆ ಹೋದಾಗ ಬಂತು. ನಗುತ್ತೀರಲ್ಲ? ನಗಿ.

ಇಷ್ಟೆಲ್ಲ ಆದ ಮೇಲೆ ಬಂದದ್ದೇನು? ಏನೂ ಇಲ್ಲ. ಅರವತ್ತೆರಡು ಜನರ ಅಳತೆ ಸೇರಿಸಿ ನೋಡಿದರೆ ಎಡಕ್ಕೂ ಬಲಕ್ಕೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಕೆಲವರಿಗೆ ಊಹಿಸಿದ ಕಡೆ ತೆಳ್ಳಗೆ, ಕೆಲವರಿಗೆ ಸರಿಯಾಗಿ ಅದರ ವಿರುದ್ಧದ ಕಡೆ. ಕೂಡಿದರೆ ಸೊನ್ನೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ನಾಲ್ಕು ವರ್ಷ. ನನ್ನ ಗೈಡ್ ಮೇಡಂ ಒಳ್ಳೆಯವರು. ಬೈಯಲಿಲ್ಲ. ‘ಇಲ್ಲ ಅನ್ನೋದೂ ಒಂದು ಉತ್ತರವೇ ಕಣಮ್ಮಾ, ಹಾಗೇ ಬರೀ’ ಅಂದರು. ಅವರು ಬೈದಿದ್ದರೇ ಚೆನ್ನಾಗಿತ್ತು. ತಿಂಗಳ ಕೊನೆಗೆ ಪ್ರಬಂಧ ಒಪ್ಪಿಸಬೇಕು. ನನಗೆ ನಂಬಿಕೆಯಿಲ್ಲದ ಇನ್ನೂರು ಪುಟ ಬರೆದು ಒಪ್ಪಿಸಲು ಮನಸ್ಸು ಬರಲಿಲ್ಲ. ಅದಕ್ಕೇ ಬಿಟ್ಟುಬಿಡುತ್ತೇನೆ ಎಂದು ನಿಮಗೆ ಬರೆದದ್ದು.

ಇಲ್ಲಿ ಒಂದು ಹಳೆಯ ಪಾಪವನ್ನು ಒಪ್ಪಿಕೊಳ್ಳಬೇಕು. ನಮ್ಮ ಸ್ಕ್ಯಾನ್ ಕೋಣೆಯಲ್ಲಿ ಒಬ್ಬ ಹಿರಿಯ ಟೆಕ್ನಿಷಿಯನ್ ಇದ್ದಾರೆ. ದಿನಕ್ಕೆ ಹತ್ತು ಪದ ಮಾತಾಡಿದರೆ ಹೆಚ್ಚು. ‘ಮಲಗಿ’, ‘ಅಲುಗಬೇಡಿ’, ‘ಆಯ್ತು, ಏಳಿ’. ಹುಡುಗರೆಲ್ಲ ಅವರನ್ನು ಮೌನಿ ಎನ್ನುತ್ತಾರೆ. ನಿಮ್ಮನ್ನು ಮಲಗಿಸಿದವರು ಅವರೇ, ನಿಮಗಿಬ್ಬರಿಗೂ ಚೆನ್ನಾಗಿ ಹೊಂದಿಕೊಂಡಿತ್ತು, ಒಂದು ಗಂಟೆಯಲ್ಲಿ ಇಬ್ಬರೂ ಸೇರಿ ಆರು ಪದ. ಅವರು ತೆಗೆದ ಪ್ರತಿ ಚಿತ್ರದಲ್ಲೂ ತಲೆಯ ಹೊರಗೆ, ಹಣೆಯ ಪಕ್ಕದಲ್ಲಿ ಒಂದು ಬಿಳಿಯ ಚುಕ್ಕೆ ಬರುತ್ತಿತ್ತು. ಆ ಚುಕ್ಕೆಯಿದ್ದರೆ ದೊಡ್ಡಪ್ಪನಿಗೆ ತಲೆ ಎಲ್ಲಿ ಮುಗಿಯಿತು ಎಂದೇ ತಿಳಿಯದೆ ನಿಂತುಬಿಡುತ್ತಿದ್ದ. ಹಾಗಾಗಿ ಎಂಬತ್ತೆರಡು ಚಿತ್ರಗಳಲ್ಲೂ ಒಂದೊಂದೇ ಪದರ ತೆರೆದು, ಮೌಸ್ ಹಿಡಿದು ಆ ಚುಕ್ಕೆಯನ್ನು ಅಳಿಸಿದೆ. ಎರಡು ತಿಂಗಳು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಅಷ್ಟು ನಾಜೂಕಾಗಿ. ಸುಮ್ಮನಿದ್ದೆನಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಚೇರಿಗೆ ಒಂದು ದೂರು ಬರೆದೆ: ‘ಯಂತ್ರದಲ್ಲಿ ಲೋಪವಿದೆ, ಚಿತ್ರಗಳಲ್ಲಿ ಕಲೆ ಬರುತ್ತಿದೆ, ಕಲೆ ಕೆಲವರಿಗೆ ಎಡಕ್ಕೆ, ಕೆಲವರಿಗೆ ಬಲಕ್ಕೆ ಬರುತ್ತಿದೆ.’ ಆ ಕೊನೆಯ ಸಾಲನ್ನು ನಾನೇ ನನ್ನ ಕೈಯಾರೆ ಬರೆದದ್ದು ಅಪ್ಪಾ, ಗಮನಿಸಿ. ದೂರು ಮೂರು ಮೇಜು ದಾಟಿ ಮೌನಿಯವರ ಕೈಗೆ ಹೋಗುವಷ್ಟರಲ್ಲಿ ‘ಯಂತ್ರ ಕೊಳಕಾಗಿದೆಯಂತೆ, ಸ್ವಚ್ಛವಾಗಿಡತಕ್ಕದ್ದು’ ಎಂದಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪಾಪ, ಮನುಷ್ಯ ಒಂದು ಶನಿವಾರ ಪೂರ್ತಿ ಸ್ಪಿರಿಟ್ ಹಾಕಿ ಆ ಯಂತ್ರವನ್ನು ಒರೆಸಿದರಂತೆ. ‘ಸ್ವಚ್ಛವಿದೆ’ ಎಂದು ಒಂದೇ ಪದ ಬರೆದು ಸಹಿ ಮಾಡಿ ಕಳಿಸಿದರು. ನಾನು ಅದನ್ನು ಓದಿ ನಕ್ಕಿದ್ದೆ.

ಈಗ ಹೋದ ವಾರದ ಸೋಮವಾರಕ್ಕೆ ಬನ್ನಿ. ಓದು ಬಿಟ್ಟು ಹೋಗುವವರು ಒಂದು ಹಾಳೆಗೆ ಎಲ್ಲ ವಿಭಾಗದವರ ಸಹಿ ಹಾಕಿಸಬೇಕು, ಇವರ ಬಳಿ ನಮ್ಮದೇನೂ ಉಳಿದಿಲ್ಲ ಎಂದು. ಗ್ರಂಥಾಲಯ ಆಯಿತು, ಹಾಸ್ಟೆಲ್ ಆಯಿತು, ಉಳಿದದ್ದು ಸ್ಕ್ಯಾನ್ ಕೋಣೆ. ಬೆಳಿಗ್ಗೆ ಹತ್ತಕ್ಕೆ ಹಾಳೆ ಹಿಡಿದು ಹೋದೆ. ನಾಲ್ಕು ವರ್ಷದಲ್ಲಿ ನಾನು ಆ ಕೋಣೆಯ ಒಳಬಾಗಿಲು ದಾಟಿದ್ದೇ ಇಲ್ಲ ಎಂದರೆ ನಂಬುತ್ತೀರಾ? ರೋಗಿಗಳನ್ನು ಬಾಗಿಲಲ್ಲಿ ಬಿಡುವುದು, ಸಂಜೆ ಚಿತ್ರಗಳನ್ನು ಕಂಪ್ಯೂಟರಿನಿಂದ ಇಳಿಸಿಕೊಳ್ಳುವುದು, ಅಷ್ಟೇ. ಆವತ್ತು ಮೌನಿಯವರು ಒಬ್ಬ ಹೆಂಗಸನ್ನು ಯಂತ್ರದ ಮಂಚದ ಮೇಲೆ ಮಲಗಿಸುತ್ತಿದ್ದರು. ಕೈಸನ್ನೆಯಲ್ಲೇ ಒಳಗೆ ಬಾ ಎಂದರು. ನಾನು ನಿಂತಿದ್ದ ಹಾಗೆ ಜೇಬಿನಿಂದ ಒಂದು ಪುಟ್ಟ ಡಬ್ಬಿ ತೆಗೆದು, ಅದರಿಂದ ಒಂದು ಮೀನೆಣ್ಣೆ ಗುಳಿಗೆ ತೆಗೆದು, ಅದನ್ನು ಆಕೆಯ ಹಣೆಯ ಬಲಪಕ್ಕಕ್ಕೆ ಇಟ್ಟು ಪ್ಲಾಸ್ಟರ್ ಅಂಟಿಸಿದರು. ಔಷಧದ ಅಂಗಡಿಯಲ್ಲಿ ಸಿಗುವ ಅದೇ ಹಳದಿ ಗುಳಿಗೆ. ಚಿತ್ರಗಳಲ್ಲಿ ಆ ಬಿಳಿಯ ಚುಕ್ಕೆ ಬರುತ್ತಿದ್ದುದೂ ಅದೇ ಜಾಗದಲ್ಲಿ. ಇದೇನು ಎಂದು ಕೇಳಿದೆ. ‘ಬಲ’ ಅಂದರು.

ಯಾಕೆ ಎಂದು ಕೇಳಿದೆ. ಆಮೇಲೆ ಅವರು ಮಾತಾಡಿದ್ದು ಅವರ ಜೀವಮಾನದ ಅತಿ ದೊಡ್ಡ ಭಾಷಣವಿರಬೇಕು: ‘ಎಣ್ಣೆ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತೆ. ಕಂಪ್ಯೂಟರು ಎಡ ಬಲ ಮರೆಯುತ್ತೆ, ಗುಳಿಗೆ ಮರೆಯಲ್ಲ. ಇಪ್ಪತ್ತಾರು ವರ್ಷದಿಂದ ಅಂಟಿಸ್ತಾ ಇದ್ದೀನಿ. ನೋಡೋರು ನೋಡ್ಕೊಳ್ತಾರೆ ಅಂತ.’ ನಾನು ನೋಡಿಕೊಂಡಿರಲಿಲ್ಲ. ನೋಡಿಕೊಳ್ಳುವುದೇನು, ಕೂತು ಕೂತು ಅಳಿಸಿದ್ದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ನಾನು ಕೂಸನ್ನು ಕಸದ ಬುಟ್ಟಿಗೆ ಹಾಕಿ ಹುಡುಕಿದವಳು. ನಿಮಗೂ ಅಂಟಿಸಿದ್ದರು ಅಪ್ಪಾ! ಆವತ್ತು ಹೊರಗೆ ಬಂದು ‘ಅಂಟು ಕಿತ್ತಾಗ ಹುಬ್ಬಿನ ಕೂದಲೂ ಬಂತು’ ಎಂದು ಗೊಣಗಿದ್ದಿರಿ. ಯಾವ ಅಂಟು ಎಂದು ನಾನು ಕೇಳಬೇಡವಾ? ನೀವಾದರೂ ಹೇಳಬೇಡವಾ? ಹೇಳದ ಅಪ್ಪನಿಗೆ ಕೇಳದ ಮಗಳು, ಸರಿಹೋಯಿತು.

ಓಡಿದೆ. ಸಹಿಯ ಹಾಳೆ ಅಲ್ಲೇ ಬಿಟ್ಟು ಓಡಿದೆ. ಅಳಿಸುವ ಮೊದಲಿನ ಚಿತ್ರಗಳನ್ನು ಎಸೆಯಬಾರದು ಎಂದು ಗೈಡ್ ಮೇಡಂ ಮೊದಲ ದಿನವೇ ಹೇಳಿದ್ದರು, ಅವರ ಹೊಟ್ಟೆ ತಣ್ಣಗಿರಲಿ, ಎಲ್ಲ ಹಾಗೇ ಇದ್ದವು. ಒಂದೊಂದಾಗಿ ತೆರೆದು ಚುಕ್ಕೆ ಯಾವ ಕಡೆ ಇದೆ ಎಂದು ಬರೆಯುತ್ತಾ ಹೋದೆ. ಎರಡನೇ ವರ್ಷದ ಮಧ್ಯದಲ್ಲಿ ನಮ್ಮ ಹಳೇ ಯಂತ್ರ ಹೋಗಿ ಹೊಸದು ಬಂದಿತ್ತು. ಹೊಸ ಯಂತ್ರದ ಮೂವತ್ತೊಂದು ರೋಗಿಗಳಲ್ಲಿ ಚುಕ್ಕೆ ಬಲಕ್ಕೆ. ಹಳೆಯದರ ಮೂವತ್ತೊಂದರಲ್ಲಿ ಎಡಕ್ಕೆ. ಒಂದೂ ತಪ್ಪಿಲ್ಲ. ಹಳೇ ಯಂತ್ರದ ಚಿತ್ರಗಳನ್ನು ದೊಡ್ಡಪ್ಪ ಮುಟ್ಟುತ್ತಿರಲಿಲ್ಲ, ಅವನ್ನು ಇನ್ನೊಂದು ಚಿಕ್ಕ ಪ್ರೋಗ್ರಾಮಿಗೆ ಹಾಕಿ ಅವನಿಗೆ ಹಿಡಿಸುವ ರೂಪಕ್ಕೆ ತಂದು ಕೊಡಬೇಕಿತ್ತು. ಆ ಪ್ರೋಗ್ರಾಮಿನ ನಾಲ್ಕನೇ ಪುಟದ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಚೌಕ. ಅದಕ್ಕೆ ಟಿಕ್ ಹಾಕದಿದ್ದರೆ ಚಿತ್ರದ ಎಡ ಬಲಕ್ಕೆ, ಬಲ ಎಡಕ್ಕೆ. ನೀವು ಮೇಲೆ ಕ್ಯಾಬಿನ್ನಿನಲ್ಲಿ ಕೂತಾಗ ಎದುರಿಗೆ ನಿಂತು ಸನ್ನೆ ಮಾಡುವವನ ಬಲಗೈ ನಿಮ್ಮ ಎಡಕ್ಕೆ ಬರುತ್ತದಲ್ಲ, ಹಾಗೆ. ನಿಮಗೆ ಅದು ರೂಢಿಯಾಗಿದೆ, ತೊಲೆ ಸರಿಯಾದ ಕಂಬದ ಮೇಲೇ ಕೂರುತ್ತದೆ. ನಾನು ಅರ್ಧ ಜನರನ್ನು ಎದುರಿನಿಂದ, ಅರ್ಧ ಜನರನ್ನು ಬೆನ್ನ ಹಿಂದಿನಿಂದ ನೋಡಿ ಕೂಡಿಸುತ್ತಿದ್ದೆ. ಸೊನ್ನೆ ಬರದೆ ಇನ್ನೇನು ಬರುತ್ತದೆ, ನನ್ನ ತಲೆ!

ಚೌಕಕ್ಕೆ ಟಿಕ್ ಹಾಕಿ, ಚುಕ್ಕೆ ಅಳಿಸಿಟ್ಟಿದ್ದ ಚಿತ್ರಗಳನ್ನೇ ಸರಿಯಾದ ಕಡೆಗೆ ತಿರುಗಿಸಿ, ಹಳೇ ಯಂತ್ರದವರನ್ನೆಲ್ಲ ಮತ್ತೆ ದೊಡ್ಡಪ್ಪನ ಮುಂದೆ ಸಾಲಾಗಿ ನಿಲ್ಲಿಸಿದೆ. ಲ್ಯಾಬಿನ ಎಲ್ಲರೂ 'ಪಾಪ, ಇವಳದು ನೋಡೋಣ' ಎಂದು ತಮ್ಮ ತಮ್ಮ ಕಂಪ್ಯೂಟರ್ ಬಿಟ್ಟುಕೊಟ್ಟರು. ಮೂರು ಹಗಲು ಮೂರು ರಾತ್ರಿ ಎಂಟು ಕಂಪ್ಯೂಟರು ಗುಂಯ್ಯೆಂದವು. ವಿಚಿತ್ರ ನೋಡಿ, ದೊಡ್ಡಪ್ಪ ಒಂದು ಸಲವೂ ಮುನಿಯಲಿಲ್ಲ. ನಿನ್ನೆ ಬೆಳಿಗ್ಗೆ ಪಕ್ಕದ ಮೇಜಿನ ಹುಡುಗಿ ಎಲ್ಲ ಅಂಕಿ ಕೂಡಿಸಿ, ಪರದೆಯನ್ನು ನನ್ನ ಕಡೆ ತಿರುಗಿಸಿ ಎದ್ದು ನಿಂತಳು. ಎಡಗಿವಿ ಹೋದವರಿಗೆ ಬಲಭಾಗ ತೆಳ್ಳಗೆ, ಬಲಗಿವಿ ಹೋದವರಿಗೆ ಎಡಭಾಗ ತೆಳ್ಳಗೆ. ಕಿವಿ ಹೋಗಿ ಎಷ್ಟು ವರ್ಷವಾಯಿತೋ ಅಷ್ಟು ಹೆಚ್ಚು ತೆಳ್ಳಗೆ. ಉಸ್ಸಪ್ಪಾ! ನಾನು ಕುರ್ಚಿಯಲ್ಲಿ ಕೂತೇ ಅತ್ತೆ, ನಕ್ಕೆ, ಮತ್ತೆ ಅತ್ತೆ. ಗೈಡ್ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ‘ಅಚ್ಚಿಗೆ ಹೋಗೋ ಮುಂಚೆ ಸಿಕ್ಕಿತಲ್ಲ ತಾಯೀ’ ಅಂದರು. ನಿಜ. ತಪ್ಪು ಹಾಗೇ ಪುಸ್ತಕವಾಗಿದ್ದರೆ ನಾಳೆ ಇನ್ಯಾರೋ ಅದನ್ನು ನಂಬಿ ತಮ್ಮ ನಾಲ್ಕು ವರ್ಷ ಕಳೆಯುತ್ತಿದ್ದರು. ನಿನ್ನೆ ಮಧ್ಯಾಹ್ನ ಊಟ ಮಾಡಿ ಮಲಗಿದವಳು ಈ ಬೆಳಿಗ್ಗೆ ಎದ್ದೆ. ಎಷ್ಟೋ ದಿನದ ಮೇಲೆ ಹಸಿವು ಎಂದರೇನು ಎಂದು ಗೊತ್ತಾಯಿತು.

ಮೌನಿಯವರ ಬಳಿ ಹೋಗಿ ಕ್ಷಮೆ ಕೇಳಿದೆ. ಆ ದೂರು ಬರೆದದ್ದು ನಾನೇ ಎಂದೂ ಹೇಳಿದೆ. ಅವರು ‘ಆ ಶನಿವಾರ ನನ್ನ ಮೊಮ್ಮಗಳ ಹುಟ್ಟುಹಬ್ಬ ಇತ್ತು’ ಅಂದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಮೇಲೆ ಮೇಜಿನ ಖಾನೆಯಿಂದ ನಾನು ಬಿಟ್ಟು ಓಡಿದ್ದ ಹಾಳೆ ತೆಗೆದು, ಪೆನ್ನಿನ ಮುಚ್ಚಳ ತೆರೆದು, ‘ಸಹಿ ಹಾಕ್ಲಾ?’ ಎಂದು ಕೇಳಿದರು. ಬೇಡ ಬೇಡ ಎಂದು ಕಿತ್ತುಕೊಂಡೆ. ಅವರು ನಕ್ಕಿದ್ದನ್ನು ಆ ಆಸ್ಪತ್ರೆಯಲ್ಲಿ ನೋಡಿದವರು ಬಹಳ ಜನ ಇರಲಾರರು. ಪ್ರಬಂಧದ ಮೊದಲ ಪುಟದಲ್ಲಿ ಅವರ ಹೆಸರು ಬರುತ್ತದೆ, ನನ್ನ ಗೈಡ್ ಹೆಸರಿನ ಕೆಳಗೆ ಅಲ್ಲ, ಪಕ್ಕದಲ್ಲಿ. ಮೇಡಂ ಒಪ್ಪಿದ್ದಾರೆ. ಒಪ್ಪಿಸುವ ದಿನವನ್ನು ಎರಡು ತಿಂಗಳು ಮುಂದೆ ಹಾಕಿಸಿಕೊಟ್ಟಿದ್ದಾರೆ. ಒಂದು ಕೆಲಸ ಮಾತ್ರ ಹೇಳಿದ್ದಾರೆ. ಎರಡೂ ಕಿವಿ ಚೆನ್ನಾಗಿರುವ ಇಪ್ಪತ್ತು ಜನರಲ್ಲಿ ಒಬ್ಬರು ಉಳಿದವರ ಜೊತೆ ಹೊಂದುತ್ತಿಲ್ಲ, ಅವರ ಕಿವಿ ಪರೀಕ್ಷೆಯ ಚೀಟಿ ತೆಗೆದು ನೋಡು ಎಂದರು. ನೋಡಿದೆ. ಅದರ ವಿಷಯ ಆಮೇಲೆ.

ಕಾಗದ ಉದ್ದವಾಯಿತು. ಆರನೇ ಕಂಬದ ತೊಲೆ ಕೂರುವವರೆಗೆ ಓದಲು ಸಾಕಾಗುತ್ತದೆ. ನೀರು ಹೆಚ್ಚು ಕುಡಿಯಿರಿ, ಮೇಲೆ ಹತ್ತಿದರೆ ಇಳಿಯಬೇಕಾಗುತ್ತದೆ ಎಂದು ಕುಡಿಯದೆ ಇರಬೇಡಿ, ನಿಮ್ಮ ಬುದ್ಧಿ ನನಗೆ ಗೊತ್ತು. ಮೇಸ್ತ್ರಿಗೂ, ಕೆಳಗೆ ನಿಂತು ಸನ್ನೆ ಮಾಡುವ ನಿಮ್ಮ ಗೆಳೆಯರಿಗೂ ನನ್ನ ನೆನಪು ಹೇಳಿ. ನಿಮ್ಮ ಕಾಲಿಗೆ ನಮಸ್ಕಾರ, ನೋಯುವ ಮಂಡಿಗೆ ಇನ್ನೊಂದು ನಮಸ್ಕಾರ.

ಓದು ಬಿಡದ ನಿಮ್ಮ ಮಗಳು,
ಚೂಟಿ

ತಾ.ಕ.: ಅಂಚೆಯ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಹೊಂದದ ಆ ಒಬ್ಬರು ನೀವು ಅಪ್ಪಾ. ನಿಮ್ಮ ಬಲಭಾಗ ತೆಳ್ಳಗಿದೆ, ಬಹಳ ವರ್ಷದಿಂದ ಎಡಗಿವಿ ಕೇಳದವರ ಹಾಗೆ. ಒಂದೇ ಚಿತ್ರ ನೋಡಿ ಹೀಗೇ ಎಂದು ಹೇಳಲಾಗದು, ಕಿವಿ ಪರೀಕ್ಷೆಯ ಚೀಟಿ ನೋಡೋಣ ಎಂದರೆ ಅದರಲ್ಲಿ ನನ್ನದೇ ಅಕ್ಷರ. ಆವತ್ತು ಪರೀಕ್ಷೆಯ ಕೋಣೆಗೆ ಬೀಗವಿತ್ತು, ನನ್ನ ಅಪ್ಪ ತಾನೇ ಎಂದು ಪರೀಕ್ಷೆ ಮಾಡದೆ ‘ಎರಡೂ ಸರಿ’ ಎಂದು ನಾನೇ ಬರೆದಿದ್ದೆ. ಈಗಷ್ಟೇ ಅಮ್ಮನಿಗೆ ಫೋನ್ ಮಾಡಿದೆ. ಮೊದಲು ಮಾತು ಹಾರಿಸಿದಳು, ಆಮೇಲೆ ಅತ್ತಳು. ಚಿಕ್ಕಂದಿನಲ್ಲಿ ಮಂಗನಬಾವು ಬಂದು ಕಿವಿ ಹೋದದ್ದಂತೆ, ಗೊತ್ತಾದರೆ ಕ್ರೇನಿನ ಕೆಲಸ ಕೊಡುವುದಿಲ್ಲ ಎಂದು ಅವಳ ಬಾಯಿಗೂ ಬೀಗ ಹಾಕಿದ್ದಿರಂತೆ. ನಿಮ್ಮ ಅಂಕಿಯನ್ನು ಲೆಕ್ಕದಿಂದ ತೆಗೆಸಿದ್ದೇನೆ, ತಪ್ಪು ನನ್ನದೆಂದು ಮೇಡಂಗೆ ಹೇಳಿದ್ದೇನೆ, ನಿಮ್ಮ ಹೆಸರು ಎಲ್ಲೂ ಇಲ್ಲ. ಆದರೆ ಪರೀಕ್ಷೆ ಮಾಡಿಸದೆ ಇನ್ನು ಮೇಲೆ ಹತ್ತಬೇಡಿ, ನನ್ನಾಣೆ. ನಾನು ಮುಂದಿನ ಶುಕ್ರವಾರ ಅಲ್ಲಿಗೆ ಬರುತ್ತೇನೆ, ಇಬ್ಬರೂ ಸೇರಿ ಕಿವಿಯ ಡಾಕ್ಟರ ಹತ್ತಿರ ಹೋಗೋಣ. ಅಪ್ಪಾ, ಆ ದಿನ ಬಸ್ಸಿನಲ್ಲಿ ಕಿಟಕಿ ನಿಮ್ಮ ಬಲಕ್ಕಿತ್ತು, ನಾನು ಎಡಕ್ಕೆ ಕೂತಿದ್ದೆ. ನೀವು ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ್ದೇ ನಿಮಗೆ ತಲುಪಿರಲಿಲ್ಲ. ನಾಲ್ಕು ವರ್ಷ ನೀವು ನನ್ನ ಮೇಲೆ, ನಾನು ನಿಮ್ಮ ಮೇಲೆ ಮುನಿಸು. ಈಗ ಮೊದಲ ಸಲ ಎಂದುಕೊಂಡು ಕೇಳುತ್ತಿದ್ದೇನೆ: ಓದಲಾ ಅಪ್ಪಾ? ಹೂಂ ಅನ್ನುವುದಾದರೆ ಹೂಂ ಎಂದು ಒಂದು ಕಾರ್ಡು ಹಾಕಿ. ಬೈಯುವುದಾದರೂ ಸರಿ, ಬರೆದು ಬೈಯಿರಿ.